ಹಿಡಿ ಇಲ್ಲದ ಸಾಮಾನು

ಹಿಡಿ ಇರುವ ಯಾವ ಸಾಮಾನೂ ತನ್ನ ಮನೆಯಲ್ಲಿ ನಿಲ್ಲುವುದಿಲ್ಲ ಎಂದು ವೆಂಕಟರತ್ನಮ್ಮನಿಗೆ ಗೊತ್ತಾಗಲು ಇಪ್ಪತ್ತೈದು ವರ್ಷ ಬೇಕಾಯಿತು. ಗೊತ್ತಾದ ಮೇಲೆ ಅವಳು ಮಾಡಿದ ಕೆಲಸವನ್ನು ಊರಿನಲ್ಲಿ ಕೆಲವರು ಹುಚ್ಚು ಅಂದರು, ಕೆಲವರು ಕೊಬ್ಬು ಅಂದರು. ಅಂದವರ ಮನೆಯಿಂದ ಏನೂ ಹೋಗಿರಲಿಲ್ಲ, ಅದಕ್ಕೇ ಅಂದರು.

ಎಪ್ಪತ್ನಾಲ್ಕರಲ್ಲಿ ಅವಳು ಬಂಗಾರಪೇಟೆ ಪಕ್ಕದ ಈ ಹಳ್ಳಿಗೆ ಸೊಸೆಯಾಗಿ ಬಂದಾಗ ತವರಿನಿಂದ ಒಂದು ಹೊಲಿಗೆ ಯಂತ್ರ ತಂದಿದ್ದಳು. ಕೈಯಲ್ಲಿ ತಿರುಗಿಸುವಂಥದ್ದು. ಅದಕ್ಕೊಂದು ಮರದ ಮುಚ್ಚಳ, ಮುಚ್ಚಳದ ಮೇಲೆ ಹಿತ್ತಾಳೆಯ ಹಿಡಿ. ಎರಡು ವರ್ಷ ಊರಿನ ಅರ್ಧ ಹೆಂಗಸರ ರವಿಕೆಗಳು ಅದರ ಕೆಳಗೆ ಹಾದು ಹೋದವು. ಅಷ್ಟರಲ್ಲಿ ನಾದಿನಿ ಬಸುರಿಯಾದಳು. "ಕೂಸಿಗೆ ನಾಕು ಅಂಗಿ ಒಲ್ಕೊಂಡು ವಾಪಸ್ ಕಳಿಸ್ತಾಳೆ, ಕೊಡು" ಎಂದಳು ಅತ್ತೆ ಅಕ್ಕಯ್ಯಮ್ಮ. ಗಂಡ ಅಶ್ವತ್ಥಪ್ಪ ಹಿಡಿಯಲ್ಲಿ ಎತ್ತಿ ಸೈಕಲ್ಲಿಗೆ ಕಟ್ಟಿದ. ಆ ಕೂಸಿಗೆ ಈಗ ಒಂದು ಕೂಸಾಗಿದೆ. ಯಂತ್ರ ಮಾತ್ರ ಬರಲಿಲ್ಲ.

ಆಮೇಲೆ ಹಾಲು ಮಾರಿ ಟ್ರಾನ್ಸಿಸ್ಟರ್ ಕೊಂಡಳು. ಅದಕ್ಕೂ ಹಿಡಿ ಇತ್ತು. ಮೈದುನ ಜಯರಾಮಪ್ಪ ಕ್ರಿಕೆಟ್ ಕೇಳಲು ಅದನ್ನು ಕೋಲಾರ ಚಿನ್ನದ ಗಣಿಯ ಮೈಸೂರು ಮೈನ್ಸ್‌ನಲ್ಲಿದ್ದ ಗೆಳೆಯನ ಮನೆಗೆ ಒಯ್ದ. ಎಲ್ಲೈತಪ್ಪಾ ಎಂದು ಕೇಳಿದರೆ, "ಅಲ್ಲೇ ಐತೆ ಅತ್ಗೆ, ಎಲ್ಲೋಗ್ತದೆ" ಎಂದ. ಸುಳ್ಳು ಹೇಳಲಿಲ್ಲ. ಅದು ಇವತ್ತಿಗೂ ಅಲ್ಲೇ ಇದೆ.

ಅಶ್ವತ್ಥಪ್ಪ ಕೆಟ್ಟವನೇನಲ್ಲ. ಚಾಂಪಿಯನ್ ರೀಫ್ಸ್ ಗಣಿಯಲ್ಲಿ ನೆಲದ ಮೇಲಿನ ಕೆಲಸ, ಕುಡಿತವಿಲ್ಲ, ಕೈ ಎತ್ತಿದವನಲ್ಲ. ಯಾರಾದರೂ ಏನಾದರೂ ಕೇಳಿದರೆ ಇಲ್ಲ ಅನ್ನಲು ಮಾತ್ರ ಅವನಿಗೆ ಬಾಯಿ ಬರುತ್ತಿರಲಿಲ್ಲ. ಊರಿನವರು ಅವನನ್ನು ಕರ್ಣ ಅನ್ನುತ್ತಿದ್ದರು. ಆ ಕರ್ಣ ಕೊಟ್ಟದ್ದು ತನ್ನ ಮೈಮೇಲಿನ ಕವಚ. ಈ ಕರ್ಣ ಕೊಡುತ್ತಿದ್ದುದೆಲ್ಲ ಹೆಂಡತಿಯದು.

ಮಕ್ಕಳು ಹೈಸ್ಕೂಲಿಗೆ ಹೋದ ಮೇಲೆ ವೆಂಕಟರತ್ನಮ್ಮ ರಾಬರ್ಟ್‌ಸನ್‌ಪೇಟೆಗೆ ಹೋಗಿ ಟೈಪಿಂಗ್ ಕಲಿತಳು. ವಾರಿಗೆಯವರು ಬೀಗರನ್ನು ಹುಡುಕುವ ವಯಸ್ಸಿನಲ್ಲಿ ಇವಳು ಬೆರಳು ಕುಟ್ಟುತ್ತಾ ಕೂತಳಲ್ಲ ಎಂದು ಊರು ನಕ್ಕಿತು. ನಗುವವರ ಮುಂದೆ ಎಡವಿ ಬೀಳಬಾರದು ಎಂಬ ಹಟಕ್ಕೇ ಅವಳು ಚೆನ್ನಾಗಿ ಕಲಿತಳು. ಬಂಗಾರಪೇಟೆ ಸ್ಟೇಷನ್ನಿನ ಹತ್ತಿರ ಪ್ರೆಸ್ ಇಟ್ಟಿದ್ದ ಕುಪ್ಪುಸ್ವಾಮಿ ಅವಳಿಗೆ ಲಗ್ನಪತ್ರಿಕೆಗಳನ್ನು ಕೊಡಲು ಶುರು ಮಾಡಿದ. ಮುಂದೆ ಪ್ರೆಸ್ಸಿಗೆ ಕಂಪ್ಯೂಟರ್ ಬಂತು. ತೊಂಬತ್ತಾರರಲ್ಲಿ ಎರಡು ಕರು ಮಾರಿ, ಕೂಡಿಟ್ಟ ಹಣವನ್ನೂ ಸೇರಿಸಿ ಇವಳೂ ಹಳೆಯದೊಂದನ್ನು ಮನೆಗೆ ತಂದಳು.

ಅದನ್ನು ಒಳಗೆ ಸಾಗಿಸಲು ಮೂವರು ಬೇಕಾದರು. ದಪ್ಪ ಬೆನ್ನಿನ ಟೀವಿಯಂಥ ಪೆಟ್ಟಿಗೆಯನ್ನು ಒಬ್ಬ ಮಗುವಿನಂತೆ ಅಪ್ಪಿಕೊಂಡು ತಂದ. ಕೆಳಗಿನ ಡಬ್ಬವನ್ನು ಇನ್ನೊಬ್ಬ, ವೈರಿನ ಗಂಟನ್ನು ಮತ್ತೊಬ್ಬ. ನಡುಮನೆಯಲ್ಲಿ ಒರಳುಕಲ್ಲಿನ ಪಕ್ಕದ ಮೂಲೆಯಲ್ಲಿ ಒಂದು ಟೇಬಲ್ಲಿನ ಮೇಲೆ ಅದು ಕೂತಿತು. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದು ಅವಳು ಅದರ ಮುಂದೆ ಕೂತರೆ ಕನ್ನಡ, ತೆಲುಗು, ತಮಿಳು ಮೂರರಲ್ಲೂ ಮದುವೆಗಳು ಹೊರಬೀಳುತ್ತಿದ್ದವು. ಫ್ಲಾಪಿ ಹಿಡಿದು ಬಸ್ಸು ಹತ್ತಿ ಕುಪ್ಪುಸ್ವಾಮಿಗೆ ಕೊಟ್ಟು ಬರುತ್ತಿದ್ದಳು. ಮೂರು ವರ್ಷ ಅದನ್ನು ಯಾರೂ ಕೇಳಲಿಲ್ಲ. ಅಶ್ವತ್ಥಪ್ಪನೂ ಯಾರಿಗೂ ಕೊಡಲಿಲ್ಲ. ಯಾಕೆ ಎಂದು ಆಗ ಅವಳಿಗೆ ಹೊಳೆದಿರಲಿಲ್ಲ.

ಕಷ್ಟವೆಲ್ಲ ಕರೆಂಟಿನದು. ಸುಖಾಗಮನ ಬಯಸುವವರ ಸಾಲಿನಲ್ಲಿ ಅತ್ತೆ, ಮಾವ, ಚಿಕ್ಕಪ್ಪ, ದೊಡ್ಡಪ್ಪಂದಿರನ್ನೆಲ್ಲ ಕೂರಿಸಿ ಮುಗಿಸುವ ಹೊತ್ತಿಗೆ ಪರದೆ ಕಪ್ಪಾಗುತ್ತಿತ್ತು, ಇಡೀ ಬಂಧುಬಳಗ ನೀರಲ್ಲಿ ಹೋಮವಾಗುತ್ತಿತ್ತು. ಮತ್ತೆ ಮೊದಲಿಂದ ಕೂರಿಸಬೇಕು. ಅವಸರದಲ್ಲಿ ಒಬ್ಬ ಚಿಕ್ಕಪ್ಪ ಬಿಟ್ಟುಹೋದರೆ ಮದುವೆಮನೆಯಲ್ಲಿ ಜಗಳ.

ತೊಂಬತ್ತೊಂಬತ್ತರ ಮಾಘಮಾಸದ ಒಂದು ಭಾನುವಾರ ಜಯರಾಮಪ್ಪ ಒಂದು ಕಪ್ಪು ಚೀಲ ಹಿಡಿದು ಬಂದ. ಅವನು ಈಗ ಬಂಗಾರಪೇಟೆಯಲ್ಲಿ ಮನೆ ಮಾಡಿಕೊಂಡು ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವ ಮನುಷ್ಯ, ಒಂದು ಕಂಪನಿಯ ಮಾರಾಟದ ವಿಭಾಗದಲ್ಲಿದ್ದ. ಕಂಪನಿ ಹಳೆಯ ಲ್ಯಾಪ್‌ಟಾಪುಗಳನ್ನು ತನ್ನವರಿಗೇ ಕೊಡುತ್ತಿತ್ತಂತೆ, ಒಂದನ್ನು ಇವನು ತೆಗೆದುಕೊಂಡಿದ್ದ. ಪುಸ್ತಕದಂತೆ ಬಿಡಿಸಿ ಒರಳಿನ ಮೇಲಿನ ಹಲಗೆಯ ಮೇಲಿಟ್ಟ. ವೈರಿಲ್ಲದೆ ಬೆಳಕು ಬಂತು.

"ಕರೆಂಟು ಓದ್ರೂ ಎರಡು ಗಂಟೆ ನಡೀತದೆ ಅತ್ಗೆ" ಎಂದ. "ನಿನ್ನ ಮೂರು ಬಾಸೆ ಅಕ್ಷರಗಳೂ ಇದರಾಗೆ ಆಕಿಸಿದ್ದೀನಿ. ಇದು ನೀನಿಟ್ಕೊ. ನಿನ್ನ ಆ ಹಳೇ ಡಬ್ಬ ನನ್ನ ಬಾಮೈದನ ಅಂಗಡಿಗೆ ಕೊಡಾನ. ಅವನಿಗೆ ಕೂತಲ್ಲೇ ಕೆಲ್ಸ."

ವೆಂಕಟರತ್ನಮ್ಮ ಕೈ ಒರೆಸಿಕೊಂಡು ಕೂತಳು. ಒಂದು ಪತ್ರಿಕೆ ಪೂರ್ತಿ ಹೊಡೆದಳು. ನಡುವೆ ಕರೆಂಟು ಹೋಯಿತು, ಪರದೆ ಕಣ್ಣು ಮಿಟುಕಿಸಲಿಲ್ಲ, ಬಂಧುಬಳಗವೆಲ್ಲ ಕೂತಲ್ಲೇ ಕೂತಿತ್ತು. ಅವಳಿಗೆ ನಿಜಕ್ಕೂ ಆಸೆಯಾಯಿತು. ಆಸೆಯಾಗಲಿಲ್ಲ ಎಂದು ಅವಳು ಯಾರ ಹತ್ತಿರವೂ ಯಾವತ್ತೂ ಹೇಳಿದವಳಲ್ಲ.

"ಒಳ್ಳೇದೇ ಅಲ್ವಾ" ಎಂದ ಅಶ್ವತ್ಥಪ್ಪ. "ಗುರುವಾರ ವ್ಯಾನು ತರ್ತಾನಂತೆ. ನಾನೂ ಆಗ್ಲಿ ಅಂದುಬಿಟ್ಟಿದ್ದೀನಿ."

ಅಂದುಬಿಟ್ಟಿದ್ದಾನೆ. ಅವಳನ್ನು ಕೇಳುವುದಕ್ಕೆ ಮುಂಚೆಯೇ. ಅವಳು ಎದ್ದು ಹೋಗಿ ಮುದ್ದೆ ಬಡಿಸಿದಳು. ಊಟ ಮುಗಿಸಿದ ಜಯರಾಮಪ್ಪ ಲ್ಯಾಪ್‌ಟಾಪನ್ನು ಮಡಿಸಿ ಚೀಲಕ್ಕೆ ಹಾಕಿದ. ಹಿಡಿಯಲ್ಲಿ ಎತ್ತಿಕೊಂಡ.

ಆಗ ಅವಳು ಆ ಹಿಡಿಯನ್ನು ನೋಡಿದಳು.

"ಅದ್ಯಾಕೆ ತಕ್ಕೊಂಡೋಗ್ತೀಯಾ? ನಂದು ಅಂದ್ಯಲ್ಲ" ಎಂದಳು.

"ನಿಂದೇ ಅತ್ಗೆ. ನಾಳೆ ಒಂದು ಕಡೆ ತೋರಿಸೋದದೆ. ವಾರದಾಗೆ ಎರಡು ಮೂರು ದಿನ ನಾನು ಒಯ್ತೀನಿ, ಮಿಕ್ಕಿದ್ದೆಲ್ಲ ನಿನ್ನ ಅತ್ರಾನೇ ಇರ್ತದೆ."

"ಒಂದು ವಾರ ಇಲ್ಲೇ ಬಿಟ್ಟೋಗು. ನೋಡಾನ."

"ಈ ವಾರ ಆಗಲ್ಲ."

"ಮುಂದಿನ ವಾರ?"

ಜಯರಾಮಪ್ಪ ನಕ್ಕ. ಅವನ ನಗುವಿಗೆ ಇಪ್ಪತ್ತು ವರ್ಷದ ಹಿಂದಿನ ಟ್ರಾನ್ಸಿಸ್ಟರಿನ ಮುಖವಿತ್ತು. "ಎಲ್ಲೋಗ್ತದೆ ಅತ್ಗೆ, ನಮ್ಮನೇಲೇ ಅಲ್ವಾ ಇರೋದು" ಎಂದು ಚಪ್ಪಲಿ ಮೆಟ್ಟಿ ಹೊರಟ.

ಆ ಸಂಜೆ ಅವಳು ಗಂಡನಿಗೆ ನೇರವಾಗಿ ಹೇಳಿದಳು, ನನ್ನ ಡಬ್ಬ ನಾನು ಕೊಡಲ್ಲ. ಅಶ್ವತ್ಥಪ್ಪ ತಲೆ ಕೆರೆದುಕೊಂಡ. "ಮಾತು ಕೊಟ್ಟಾಗದೆ ಕಣೆ. ತಮ್ಮನ ಮುಂದೆ ಎಂಗೆ ಇಲ್ಲ ಅನ್ಲಿ" ಎಂದ.

"ನಿನ್ನ ಬಾಯಿಂದ ಅದು ಬರಲ್ಲ, ನಂಗೊತ್ತು. ನೀನೇನೂ ಏಳ್ಬೇಡ."

ಹಿತ್ತಲಲ್ಲಿ ಹಸುಗಳಿಗೆ ನೀರಿನ ಹೊಸ ಬಾನಿ ಕಟ್ಟುವ ಕೆಲಸ ನಡೆದಿತ್ತು. ಮರುದಿನ ಗಾರೆ ಕೆಲಸದ ಆಂಜಿನಪ್ಪ ಕರಣೆ ಹಿಡಿದು ಬಂದಾಗ ವೆಂಕಟರತ್ನಮ್ಮ ಅವನನ್ನು ಹಿತ್ತಲಿಗೆ ಬಿಡಲಿಲ್ಲ, ನಡುಮನೆಗೆ ಕರೆದಳು. ಟೇಬಲ್ಲಿನ ನಾಲ್ಕು ಕಾಲನ್ನೂ ನೆಲದಲ್ಲಿ ಹೂಳಿ ಸಿಮೆಂಟು ಹಾಕಬೇಕು. ಕೆಳಗಿನ ಡಬ್ಬದ ಸುತ್ತ ಇಟ್ಟಿಗೆ ಗೂಡು, ಗಾಳಿಯಾಡಲು ಹಿಂದೆ ಕಿಂಡಿ. ಮುಂದೆ ಹಳೆಯ ಕಿಟಕಿಯ ಕಂಬಿ ಬಾಗಿಲು, ಫ್ಲಾಪಿ ಹಾಕಲು ಕೈ ತೂರುವಷ್ಟು ಜಾಗ, ಅದಕ್ಕೊಂದು ಬೀಗ. ಮೇಲಿನ ಪೆಟ್ಟಿಗೆಗೆ ಅಡ್ಡ ಕಬ್ಬಿಣದ ಪಟ್ಟಿ.

ಆಂಜಿನಪ್ಪ ಕರಣೆಯನ್ನು ಕೆಳಗಿಟ್ಟ. "ಅಕ್ಕಾ, ನಲವತ್ತು ವರ್ಸದಾಗೆ ದೇವ್ರಿಗೆ ಕಟ್ಟಿದ್ದೀನಿ, ಎಮ್ಮೆಗೆ ಕಟ್ಟಿದ್ದೀನಿ. ಇದಕ್ಕೆ ಕಟ್ಟಿಲ್ಲ" ಎಂದ.

"ಇದು ಎರಡರ ಮಧ್ಯ ಅಂತ ತಿಳ್ಕೊಂಡು ಕಟ್ಟು."

ಅಕ್ಕಯ್ಯಮ್ಮ ಬಾಗಿಲಿಗೆ ಒರಗಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಮುದುಕಿ ಈಗ ಕೂಗುತ್ತಾಳೆ, ಮನೆ ಒಡೆಯೋಳು ಅಂತಾಳೆ ಎಂದು ವೆಂಕಟರತ್ನಮ್ಮ ಸೆರಗು ಸಿಕ್ಕಿಸಿಕೊಂಡು ತಯಾರಾಗಿಯೇ ನಿಂತಿದ್ದಳು. ಮುದುಕಿ ಕೂಗಲಿಲ್ಲ. ಎದ್ದು ಬಂದು ಒರಳುಕಲ್ಲಿನ ಮೇಲೆ ಕೈಯಿಟ್ಟಳು.

"ಲೇ ಆಂಜಿನಪ್ಪ, ಅಗೆಯೋದಾದ್ರೆ ಈ ಒರಳು ಊತಿರೋ ಅಷ್ಟು ಆಳ ಅಗಿ" ಎಂದಳು. "ನಾನು ಈ ಮನೆಗೆ ತಂದಿದ್ರಲ್ಲಿ ಉಳಿದಿರೋದು ಇದೊಂದೇ ಕಣ್ಲಾ. ತಾಮ್ರದ ಅಂಡೆ ಓಯ್ತು, ನಮ್ಮಪ್ಪ ಕೊಟ್ಟ ಕಾಲ್ಕಡಗ ಓಯ್ತು. ಇದು ಕಲ್ಲು, ಎತ್ತಕಾಗ್ಲಿಲ್ಲ."

ಹೊಲಿಗೆ ಯಂತ್ರ ಹೋಯಿತು ಎಂದು ಅವಳು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಬಿಂದಿಗೆ ಎತ್ತಿ ಗಾರೆಗೆ ನೀರು ಹಾಕಿದಳು. ವೆಂಕಟರತ್ನಮ್ಮನ ಕಣ್ಣು ತುಂಬಿತು, ಜೊತೆಗೆ ಸಿಟ್ಟೂ ಬಂತು. ಈ ಬುದ್ಧಿ ಆವತ್ತೇ ಬಂದಿದ್ದರೆ ಮುದುಕಿಯ ಗಂಟೇನು ಹೋಗುತ್ತಿತ್ತು?

ಅಶ್ವತ್ಥಪ್ಪ ಗಣಿಯಿಂದ ಬಂದವನು ನೋಡಿದ. ಬಗ್ಗಿ ಒಂದು ಕಾಲನ್ನು ಅಲ್ಲಾಡಿಸಿ ನೋಡಿದ. ಏನೂ ಹೇಳಬೇಡ ಎಂದಿದ್ದಳಲ್ಲ, ಹಾಗೆಯೇ ಏನೂ ಹೇಳದೆ ಹಸುಗಳಿಗೆ ಹುಲ್ಲು ಹಾಕಲು ಹೋದ.

ಗುರುವಾರ ವ್ಯಾನು ಬಂತು. ಜಯರಾಮಪ್ಪ ಇಬ್ಬರು ಆಳುಗಳ ಜೊತೆ ಒಳಗೆ ಬಂದ, ಕೈಯಲ್ಲಿ ಅದೇ ಕಪ್ಪು ಚೀಲ. ಮೂಲೆಯಲ್ಲಿ ಗೂಡು, ಗೂಡಿಗೆ ಕಂಬಿ, ಕಂಬಿಗೆ ಅರಿಶಿನ ಕುಂಕುಮ. ವೆಂಕಟರತ್ನಮ್ಮ ಮುಂದೆ ಕೂತು ಯಾರದೋ ಮದುವೆ ಮಾಡಿಸುತ್ತಿದ್ದಳು, ಬೀಗದ ಕೈ ಸೊಂಟದಲ್ಲಿತ್ತು.

"ಇದೇನು ಅತ್ಗೆ ಇದು?"

"ಬೇಕು ಅಂದ್ಯಲ್ಲಪ್ಪ. ಕೀಳು, ತಕ್ಕೊಂಡೋಗು."

ಆಳುಗಳಲ್ಲಿ ಒಬ್ಬ ಟೇಬಲ್ಲಿಗೆ ಕೈ ಹಾಕಿ ಎತ್ತಿದ. ಟೇಬಲ್ಲು ಮಿಸುಕಲಿಲ್ಲ. ಅವನು ಅಕ್ಕಯ್ಯಮ್ಮನ ಮುಖ ನೋಡಿದ, ಅವಳು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಜಯರಾಮಪ್ಪ ಅಣ್ಣನ ಕಡೆ ತಿರುಗಿದ.

"ನೀನು ಆಗ್ಲಿ ಅಂದಿದ್ಯಲ್ಲಣ್ಣ."

ಅಶ್ವತ್ಥಪ್ಪ "ಅಂದಿದ್ದೆ" ಎಂದ. ಆಮೇಲೆ ಗೂಡಿನ ಕಡೆ ನೋಡುತ್ತಾ, "ನಂದಲ್ಲ ಅದು" ಎಂದ. ಐವತ್ತು ದಾಟಿದ ಮೇಲೆ ಆ ಬಾಯಿಂದ ಬಂದ ಮೊದಲನೆಯ ಇಲ್ಲ ಅದು, ಅದೂ ಅಡ್ಡದಾರಿಯಲ್ಲಿ ಬಂತು.

ಸರಿಯಾಗಿ ಆಗಲೇ ಕರೆಂಟು ಹೋಯಿತು. ಪರದೆ ಕಪ್ಪಾಯಿತು, ಅರ್ಧ ಆಗಿದ್ದ ಮದುವೆ ನಿಂತಿತು. ಜಯರಾಮಪ್ಪನಿಗೆ ಹೋದ ಜೀವ ಬಂದಂತಾಯಿತು. ಕಪ್ಪು ಚೀಲವನ್ನು ಹಿಡಿಯಲ್ಲಿ ಎತ್ತಿ ತೋರಿಸಿದ.

"ನೋಡಿದ್ಯಾ? ಇದಾಗಿದ್ರೆ ನಡೀತಿರ್ತಿತ್ತು. ಈಗೇನು ಮಾಡ್ತೀಯಾ?"

"ಕರೆಂಟು ತಾನೇ ಓಗಿದ್ದು ಜಯರಾಮ" ಎಂದಳು ವೆಂಕಟರತ್ನಮ್ಮ. "ಬತ್ತದೆ. ಈ ಮನೆಯಿಂದ ಓಗಿ ವಾಪಸ್ ಬರೋದು ಅದೊಂದೇ."

ಕೀಲಿಮಣೆಯ ಮೇಲಿಂದ ಕೈ ತೆಗೆಯದೆ ಅವಳು ಕತ್ತಲೆಯ ಪರದೆಯ ಮುಂದೆ ಕೂತೇ ಇದ್ದಳು.