ಬೆಕ್ಕಿನ ಮೇಲೆ ಬಂದ ಅಪವಾದ

ರಿಪೋರ್ಟಿನಲ್ಲಿ ‘ಪಾಸಿಟಿವ್’ ಎಂದಿತ್ತು. ಅಷ್ಟನ್ನೇ ಓದಿದೆ ನಾನು. ಪ್ರಶ್ನೆ ಪೂರ್ತಿ ಓದಿ ಉತ್ತರ ಬರೆಯಿರಿ ಎಂದು ಶಾಲೆಯ ಮಕ್ಕಳಿಗೆ ದಿನವೂ ಬಯ್ಯುವವಳು! ಟೊಕ್ಸೊಪ್ಲಾಸ್ಮಾ ಎಂಬ ಆ ನಾಲಿಗೆ ತಿರುಗದ ಹೆಸರನ್ನು ಮೊಬೈಲಿನಲ್ಲಿ ಹುಡುಕಿದರೆ, ಬೆಕ್ಕಿನ ಮಲದಿಂದ ಹರಡುವ ಸೋಂಕು, ಬಸುರಿಗೆ ತಗಲಿದರೆ ಮಗುವಿಗೆ ಅಪಾಯ ಎಂದು ಬಂತು. ನನಗಾಗ ಮೂರನೇ ತಿಂಗಳು. ಹಿಂದಿನ ವರ್ಷ ಮೊದಲಿನ ಬಸಿರು ಹೋದದ್ದೂ ಮೂರನೇ ತಿಂಗಳಲ್ಲೇ.

ಅತ್ತೆಗೆ ಹೇಳಿದೆ. ಹೇಳಬಾರದಿತ್ತು. ಎರಡು ವರ್ಷದ ಹಿಂದೆ ತಾವೇ ತಂದು ಸಾಕಿದ ಬೆಕ್ಕನ್ನು ಗೋಣಿಗೆ ಹಾಕಿ, ಪುಂಜಾಲಕಟ್ಟೆಯಲ್ಲಿ ರಿಕ್ಷಾ ಹಿಡಿದು, ಫರಂಗಿಪೇಟೆಯ ಮೀನು ಮಾರ್ಕೆಟಿನಲ್ಲಿ ಬಿಟ್ಟು ಬಂದರು. ನಮ್ಮ ಕಡೆ ಬೇಡವಾದ ಬೆಕ್ಕನ್ನು ಅಲ್ಲೇ ಬಿಡುವುದು, ಹೊಟ್ಟೆಗಾದರೂ ಸಿಗಲಿ ಎಂದು.

“ಅದನ್ನು ಮನೆಗೆ ತಂದದ್ದು ನಾನೇ ಅಲ್ವಾ” ಎಂದವರು ಊಟಕ್ಕೇ ಕೂರಲಿಲ್ಲ. ನನಗೆ ಸಿಟ್ಟು ಬಂತು. ಹೆದರಬೇಕಾದವಳು ನಾನು, ಉಪವಾಸ ಇವರದ್ದು!

ಮರುದಿನ ಇಬ್ಬರೂ ಮೂಡಬಿದಿರೆಗೆ ಹೋದೆವು. ಡಾಕ್ಟರು ರಿಪೋರ್ಟ್ ನೋಡಿ ನಕ್ಕೇಬಿಟ್ಟರು.

“ಕೆಳಗಿನ ಸಾಲು ಓದಿಲ್ವಾ ಟೀಚರ್? ಮೇಲಿನದು ಪಾಸಿಟಿವ್ ಅಂದ್ರೆ ಸೋಂಕು ಎಂದೋ ಬಂದು ಹೋಗಿದೆ, ತಡೆಯುವ ಶಕ್ತಿ ನಿಮ್ಮ ರಕ್ತದಲ್ಲಿ ಉಂಟು. ಕೆಳಗಿನದು ನೆಗೆಟಿವ್, ಅಂದ್ರೆ ಹೊಸದಾಗಿ ಬಂದದ್ದಲ್ಲ. ಮಗುವಿಗೆ ಇದರಿಂದ ಹೆದರುವಂಥದ್ದು ಇಲ್ಲ.”

ಎಂದೋ ಅಂದರೆ? ಮಣ್ಣಿನಿಂದಲೂ ಬರುತ್ತದಂತೆ. ತವರಿನಲ್ಲಿ ಬಚ್ಚಲೊಲೆಯ ಬೂದಿಯನ್ನು ಬರಿಗೈಯಲ್ಲಿ ಬಾಚಿ ಬಸಳೆಯ ಬುಡಕ್ಕೆ ಹಾಕುತ್ತಿದ್ದವಳು ನಾನೇ. ಊರಿನ ಬೆಕ್ಕುಗಳೆಲ್ಲ ಗಲೀಜು ಮಾಡುತ್ತಿದ್ದದ್ದೂ ಅದೇ ಬೂದಿಯಲ್ಲಿ. ಅಬ್ಬ, ಆ ಬೂದಿಯೇ ನನ್ನನ್ನು ಕಾಯಿತೋ ಏನೋ! ನನಗೆ ನಗು ಬಂತು, ಜೀವ ಹಗುರಾಯಿತು. ಎದ್ದು ನಿಂತೆ.

ಅತ್ತೆ ಏಳಲಿಲ್ಲ. “ಡಾಕ್ಟ್ರೇ, ಮೊದಲಿನದು?” ಎಂದು ಕೇಳಿದರು.

ಡಾಕ್ಟರು ಹಳೆಯ ಫೈಲು ಬಿಡಿಸಿದರು. ಆಗಲೂ ಇದೇ ಟೆಸ್ಟ್ ಮಾಡಿಸಿದ್ದರು. ಆ ದುಃಖದಲ್ಲಿ ನಾವು ಆ ಹಾಳೆಯನ್ನು ನೋಡಿಯೇ ಇರಲಿಲ್ಲ. “ಆಗಲೂ ಇದು ಹಳೆಯದೇ ಅಮ್ಮಾ. ಆ ಮಗು ಹೋದದ್ದು ಬೆಕ್ಕಿನಿಂದ ಅಲ್ಲ.”

ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡು, “ಫರಂಗಿಪೇಟೆಗೆ ಹೋಗುವ” ಎಂದರು.

ಬೆಕ್ಕು ಮಾರ್ಕೆಟಿನ ಕಟ್ಟೆಯ ಕೆಳಗೆ ಬೂತಾಯಿ ಮೀನಿನ ತಲೆ ಕಚ್ಚಿಕೊಂಡು ಕೂತಿತ್ತು. ನಮ್ಮನ್ನು ನೋಡಿಯೂ ನೋಡದ ಹಾಗೆ ಮುಖ ತಿರುಗಿಸಿತು. ಅದರ ಸಿಟ್ಟು ನ್ಯಾಯವಾದದ್ದೇ. ಅತ್ತೆ ಸೀರೆ ಎತ್ತಿ ಕಟ್ಟಿ ಆ ಒದ್ದೆ ನೆಲದಲ್ಲೇ ಕುಕ್ಕರಗಾಲಿನಲ್ಲಿ ಕೂತರು.

“ಬಾ ಮಾರಾಯ್ತಿ, ನಿನ್ನಿಂದ ಅಲ್ವಂತೆ” ಎಂದರು. ಅದರ ಕಡೆ ಕೈ ಚಾಚಿ, ನನ್ನ ಕಡೆ ನೋಡದೆ, “ನನ್ನಿಂದಲೂ ಅಲ್ವಂತೆ” ಎಂದರು.