ಹಗೇವಿನ ಧೂಳು

ಹುಕ್ಕೇರಿಯ ಶಾಲೆಯಲ್ಲಿ ಮಾಸ್ತರನಾಗಿ ಹಾಜರಾಗಲು ನನಗೆ ಬೇಕಿದ್ದದ್ದು ಒಂದೇ ಕಾಗದ. ಎದೆಯಲ್ಲಿ ದೋಷವಿಲ್ಲವೆಂದು ಅಲ್ಲಿನ ದವಾಖಾನೆಯ ಡಾಕ್ಟರು ಬರೆದುಕೊಡಬೇಕು. ಆ ಬೇಸಿಗೆ ಅದಕ್ಕಾಗಿ ನಾಲ್ಕು ಸಲ ಹೋದೆ, ನಾಲ್ಕು ಸಲವೂ ಬರಿಗೈಯಲ್ಲಿ ಬಂದೆ.

ಎದೆಗೆ ಹತ್ತಿದ ಕಾಯಿಲೆ ಎಲ್ಲಿಂದ ಬಂತೆಂಬುದು ನನ್ನ ದಿನಚರಿಯಲ್ಲಿ ಸ್ಪಷ್ಟವಾಗಿತ್ತು. ಯುಗಾದಿಯಾದ ಐದನೆಯ ದಿನ, ಮೂಡಲಗಿ ಕಡೆಯ ನಮ್ಮ ಮನೆಯ ಅಂಗಳದಲ್ಲಿ ಹಗೇವು ತೆಗೆದೆವು. ಜೋಳ ಕೂಡಿಡಲು ತೋಡಿದ ಆಳವಾದ ಕುಣಿ ಅದು, ಮೂರು ವರ್ಷದಿಂದ ಮುಚ್ಚಿತ್ತು. ಕಾಕಾ ರೂಢಿಯಂತೆ ಕಂದೀಲಿಗೆ ಹಗ್ಗ ಕಟ್ಟಿ ಒಳಗೆ ಇಳಿಬಿಟ್ಟರು. ಗಾಳಿ ಕೆಟ್ಟಿದ್ದರೆ ದೀಪ ಆರುತ್ತದೆ. ಆರಲಿಲ್ಲ.

"ಇಳಿ ಇಳಿ, ಏನೂ ಆಗೂದಿಲ್ಲ," ಅಂದರು.

ಜೋಳ ತೆಗೆದ ಮೇಲೆ ನೋಡಿದರೆ, ಗೋಡೆಗೆ ಹೊಂದಿಸಿದ್ದ ಹುಲ್ಲು ಬೂಷ್ಟು ಹಿಡಿದು ಮಣ್ಣಿನೊಡನೆ ಒಂದಾಗಿತ್ತು. ಕಾಕಾ, ನಾನು, ನಮ್ಮ ಆಳು ಮೂವರೂ ಸರದಿಯಂತೆ ಇಳಿದು ಅದನ್ನು ಕೆರೆದೆವು. ನಲವತ್ತೊಂದು ಬುಟ್ಟಿ. ಬೂದಿಬಣ್ಣದ ಧೂಳು ಎದ್ದು ಕೈಯಲ್ಲಿದ್ದ ಬುಟ್ಟಿಯೇ ಕಾಣುತ್ತಿರಲಿಲ್ಲ.

ಕುಣಿಗೆ ಇಳಿದ ಹನ್ನೆರಡನೆಯ ದಿನ ನನಗೆ ಜ್ವರ, ಕೆಮ್ಮು ಬಂತು. ಇಪ್ಪತ್ತಾರು ದಿನ ಇತ್ತು. ಮರುದಿನ ಕಾಕಾಗೆ ಕೆಮ್ಮು ಶುರುವಾಗಿ ಹನ್ನೊಂದು ದಿನ ನಡೆಯಿತು. ಆಳಿಗೆ ಆರು ದಿನ. ಕುಣಿಗೆ ಇಳಿಯದ ಕಾಕೂಗಾಗಲಿ ಮಕ್ಕಳಿಗಾಗಲಿ ಒಂದು ಸೀನೂ ಬರಲಿಲ್ಲ.

ಗೋಕಾಕದ ಡಾಕ್ಟರೊಬ್ಬರು ನನ್ನ ಕಫವನ್ನು ಮೂರು ಸಲ ಪರೀಕ್ಷಿಸಿದರು. ಕ್ಷಯದ ಜಂತು ಸಿಗಲಿಲ್ಲ. "ಮಣ್ಣಿನ ಬೂಷ್ಟು ಉಸರಿನ ಕೂಡ ಎದಿಯೊಳಗ ಹೋಗಿ ಬೆಳದಿರಬೇಕು ಅನಸ್ತೈತಿ. ಆದ್ರ ನೋಡಾಕ ನನ್ನ ಹತ್ರ ಸಾಮಾನಿಲ್ಲ. ಅನುಮಾನದ ಮ್ಯಾಲ ಹೆಂಗ ಬರದ ಕೊಡ್ಲಿ?" ಎಂದರು.

ಹುಕ್ಕೇರಿಯ ಡಾಕ್ಟರಿಗೆ ಅಷ್ಟು ಅನುಮಾನವೂ ಇರಲಿಲ್ಲ. ನನ್ನ ದಿನಚರಿ ನೋಡದೆ, ಕಫ ಪರೀಕ್ಷೆಯ ಮಾತೂ ಕಿವಿಗೆ ಹಾಕಿಕೊಳ್ಳದೆ ಕೇಳುತ್ತಿದ್ದರು: "ಮನ್ಯಾಗ ಯಾರಿಗೆ ಕ್ಷಯ ಇತ್ತು?"

"ಯಾರಿಗೂ ಇಲ್ರಿ ಸಾಹೇಬ್ರ."

"ಎಲ್ಲಾರೂ ಹಂಗ ಅಂತಾರ."

ಕಾಕಾ ಬಂದು, ತಾವೂ ಕುಣಿಗೆ ಇಳಿದದ್ದನ್ನೂ ತಮಗೂ ಕೆಮ್ಮು ಬಂದದ್ದನ್ನೂ ಹೇಳಿದರೆ ಡಾಕ್ಟರು ನಂಬಬಹುದೆಂದು ನನಗನಿಸಿತು. ಕಾಕಾ ಒಪ್ಪಲಿಲ್ಲ. "ಹಗೇವದಾಗ ರೋಗ ಐತಿ ಅಂತ ಸುದ್ದಿ ಆದ್ರ ನಮ್ಮ ಜ್ವಾಳ ಯಾರ ಮುಟ್ಟತಾರೊ?" ಕೊನೆಗೆ ಕಾಕೂನ ಕಾಟಕ್ಕೆ ನಾಲ್ಕನೆಯ ಸಲ ನನ್ನೊಡನೆ ಮೋಟಾರು ಹತ್ತಿದರು.

ಡಾಕ್ಟರ ಮುಂದೆ ಕುಳಿತು, "ನನಗೇನಾಗಿತ್ರಿ? ಎರಡ ದಿನ ನೆಗಡಿ ಅಷ್ಟ," ಅಂದರು.

ನನಗೆ ತಡೆಯಲಾಗಲಿಲ್ಲ. ದಿನಚರಿ ತೆಗೆದು ಅವರ ಹನ್ನೊಂದು ದಿನವನ್ನೂ ಓದಿದೆ.

"ಕಾಕಾನ ಕೆಮ್ಮೂ ಬರ್ಕೊಂಡಿಯೇನು?" ಡಾಕ್ಟರು ನಕ್ಕರು. ಆಮೇಲೆ ನಗು ನಿಲ್ಲಿಸಿ ಕಾಕಾಗೆ ಅಂಗಿ ತೆಗೆಯಲು ಹೇಳಿದರು. ಎದೆಗೆ, ಬೆನ್ನಿಗೆ ನಳಿಗೆ ಹಚ್ಚಿ ಬಹಳ ಹೊತ್ತು ಕೇಳಿದರು. "ಸಣ್ಣಾಂವಗ ಇರೂ ಸಪ್ಪಳನ ಇವ್ರಿಗೂ ಐತಿ. ಒಂದ ಮನಿ, ಒಂದ ಅಡಿಗಿ. ಒಬ್ಬರಿಂದ ಒಬ್ಬರಿಗೆ ಹತ್ತೈತಿ, ಇನ್ನೇನ ಬೇಕ?"

ಕ್ಷಯದ ದಾಖಲೆಯಲ್ಲಿ ನನ್ನ ಹೆಸರಿನ ಕೆಳಗೆ ಕಾಕಾನ ಹೆಸರನ್ನೂ ಬರೆದರು.

ತಿರುಗಿ ಬರುವಾಗ ಮೋಟಾರಿನಲ್ಲಿ ಕಾಕಾ, "ಮತ್ತ ಯಾರ್ಯಾರ ಕೆಮ್ಮ ಬರದಿ?" ಎಂದರು.

ಆಳಿನದೂ ಬರೆದಿದ್ದೇನೆ, ಅವನ ಮನೆಯೂ ಊಟವೂ ಬೇರೆ, ಅವನನ್ನು ಕರೆದುಕೊಂಡು ಹೋದರೆ ಒಂದೇ ಮನೆಯಲ್ಲಿ ಹತ್ತಿದ ರೋಗವೆಂಬ ಡಾಕ್ಟರ ಮಾತು ಸುಳ್ಳಾಗುತ್ತದೆ ಎಂದೆ. ತಮ್ಮ ಹೆಸರೂ ದಾಖಲೆಗೆ ಬಿದ್ದಿತ್ತಲ್ಲ, ಈ ಸಲ ಕಾಕಾ ಕೂಡಲೇ ಒಪ್ಪಿದರು. ಮರುದಿನ ಇಬ್ಬರೂ ಆಳಿನ ಮನೆಗೆ ಹೋದೆವು.

"ನಾ ಒಲ್ಲೆರಿ," ಅಂದ ಅವನು. "ನನ್ನ ಹೆಸರೂ ಆ ಪುಸ್ತಕದಾಗ ಬಿತ್ತಂದ್ರ ಯಾರ ಕೆಲಸಕ್ಕ ಕರೀತಾರ್ರಿ? ನೀವು ಮಾಸ್ತರ ಆಗದಿದ್ರೂ ಮನ್ಯಾಗ ಕುಂತ ಉಣ್ತೀರಿ. ನಾ ಏನ ತಿನ್ಲಿ?"

ದಿನಚರಿಯನ್ನು ಕಿಸೆಗೆ ಹಾಕಿಕೊಂಡೆ. ತಲೆ ತಗ್ಗಿಸಿ ಬಂದೆ.

ಶಾಲೆ ತೆರೆದ ಸೋಮವಾರವೇ ಕಾಕಾ ಎರಡನೆಯ ಹಗೇವು ತೆಗೆಸಿದರು. ಬೇರೆ ಊರಿನಿಂದ ಇಬ್ಬರು ಕೆಲಸಗಾರರು ಬಂದಿದ್ದರು. ನಾನು ಕಟ್ಟೆಯ ಮೇಲೆ ಕುಳಿತಿದ್ದೆ.

"ಮೂಗಿಗೆ ಅರಿವಿ ಕಟ್ಕೊಂಡ ಇಳೀರಿ. ಎರಡ ಮಡಚಿ ಕಟ್ಕೋರಿ," ಅಂದರು ಕಾಕಾ.

"ಯಾಕ್ರಿ? ಇದೇನ ಹೊಸಾದು?"

"ಹೇಳಿದಷ್ಟ ಮಾಡ್ರಿ."

ಆಮೇಲೆ ತಮ್ಮ ಹೆಗಲ ಮೇಲಿನ ವಲ್ಲಿಯನ್ನೂ ಮೂಗಿಗೆ ಬಿಗಿದು ಕುಣಿಯಿಂದ ಹತ್ತು ಹೆಜ್ಜೆ ದೂರ ನಿಂತರು. ನನ್ನ ಕಡೆ ನೋಡಲಿಲ್ಲ. ಆ ಹೊತ್ತಿಗೆ ಹುಕ್ಕೇರಿಯಲ್ಲಿ ನನ್ನ ವರ್ಗದ ಮುಂದೆ ಬೇರೊಬ್ಬ ಮಾಸ್ತರರು ನಿಂತು ಹಾಜರಿ ಕರೆಯುತ್ತಿದ್ದರು.