ಒಂದೂವರೆಗೆ ಬಂದವರು

'ನನಗೊಂದು ವಿಚಿತ್ರ ಅನುಭವ ಆಯ್ತು' ಎಂದು ಯಾರಾದರೂ ಶುರು ಮಾಡಿದರೆ ಎದ್ದು ಕಾಫಿ ಮಾಡಲು ಹೋಗುತ್ತಿದ್ದವಳು ನಾನು. ನಮ್ಮ ಸೋದರತ್ತೆ ಇಂಥ ಕಥೆಗಳ ಗಣಿ. ಅವರು ಹೇಳುವಾಗ ನಡುವೆ ಬಾಯಿ ಹಾಕಿ, ಆಗ ಕರೆಂಟ್ ಇತ್ತಾ, ಕನ್ನಡಕ ಹಾಕಿದ್ರಾ ಎಂದು ಕೇಳಿ ಬೈಸಿಕೊಂಡಿದ್ದೇನೆ. ನನ್ನ ಕೆಲಸವೂ ಅಂಥದ್ದೇ. ಐರ್ಲೆಂಡಿನ ಗಾಲ್ವೇ ಊರಿನ ಪಾರ್ಕ್‌ಮೋರ್‌ನಲ್ಲಿ, ಹೃದಯದ ರಕ್ತನಾಳಕ್ಕೆ ತೂರಿಸುವ ಸಣ್ಣ ಕೊಳವೆಗಳನ್ನು ತಯಾರಿಸುವ ಕಂಪನಿಯೊಂದರಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಒಂದು ಕೊಳವೆ ಕೆಟ್ಟರೆ ಯಾಕೆ ಕೆಟ್ಟಿತು ಎಂದು ಕಾರಣ ಬರೆದು ಸಹಿ ಹಾಕುವುದೇ ನನ್ನ ಉದ್ಯೋಗ. 'ಕಾರಣ ಗೊತ್ತಿಲ್ಲ' ಎಂದು ಬರೆದರೆ ಆ ಕಾಗದ ನನಗೇ ವಾಪಸ್ ಬರುತ್ತದೆ.

ಈಗ ಹೇಳಹೊರಟಿರುವುದು ಕೋವಿಡ್ ವರ್ಷದ ಒಂದು ಭಾನುವಾರದ ಮಧ್ಯಾಹ್ನದ ವಿಷಯ. ದೆವ್ವವನ್ನು ಕಂಡೆ ಎಂದು ಹೇಳುತ್ತಿಲ್ಲ. ಕಂಡದ್ದು ಒಂದು ವಿಡಿಯೋ ಗೇಮು, ಅಷ್ಟೇ. ನಗು ಬಂದರೆ ನಕ್ಕುಬಿಡಿ.

ಆ ಜನವರಿಯಲ್ಲಿ ಮೈಸೂರಿನಲ್ಲಿ ನನ್ನ ನಿಶ್ಚಿತಾರ್ಥವಾಗಿತ್ತು. ಹುಡುಗನ ಹೆಸರು ಗಿರೀಶ್. ಅಲ್ಲೇ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಎರಡೇ ಸಲ ಭೇಟಿಯಾಗಿದ್ದೆವು: ಒಮ್ಮೆ ಹೋಟೆಲಿನಲ್ಲಿ ಮುಕ್ಕಾಲು ಗಂಟೆ, ಇನ್ನೊಮ್ಮೆ ನಿಶ್ಚಿತಾರ್ಥದಲ್ಲಿ, ನೂರಿಪ್ಪತ್ತು ಜನರ ನಡುವೆ. ಮೇ ತಿಂಗಳಿಗೆ ಮದುವೆ ಎಂದು ಛತ್ರ ಹಿಡಿದು ನನ್ನನ್ನು ವಿಮಾನ ಹತ್ತಿಸಿದರು. ಮಾರ್ಚಿಗೆ ಎಲ್ಲವೂ ಮುಚ್ಚಿತು. ಮದುವೆ ಆಗಸ್ಟಿಗೆ ಹೋಯಿತು, ಆಮೇಲೆ 'ನೋಡೋಣ' ಎನ್ನುವಲ್ಲಿಗೆ ಹೋಯಿತು.

ನನ್ನ ಜೊತೆ ಮನೆ ಹಂಚಿಕೊಂಡಿದ್ದ ಹುಡುಗಿ ಏಪ್ರಿಲ್‌ನಲ್ಲೇ ಊರು ಸೇರಿದಳು. ನಾನು ಒಬ್ಬಳೇ ಉಳಿದೆ. ನಮ್ಮ ಕಾರ್ಖಾನೆ ಮುಚ್ಚುವಂತಿರಲಿಲ್ಲ. ಬೆಳಿಗ್ಗೆ ಎದ್ದು ಬಸ್ಸು ಹತ್ತಿ, ತಲೆಯಿಂದ ಕಾಲಿನವರೆಗೆ ಬಿಳಿ ಗೌನು ಹಾಕಿ, ಎಂಟು ಗಂಟೆ ಕೊಳವೆ ನೋಡಿ ಮನೆಗೆ ಬರುತ್ತಿದ್ದೆ. ಜೊತೆಯವರ ಕಣ್ಣುಗಳಷ್ಟೇ ಕಾಣುತ್ತಿದ್ದವು. ಯಾರಾದರೂ ಹೇಗಿದ್ದೀಯ ಎಂದರೆ 'ಗ್ರ್ಯಾಂಡ್' ಎನ್ನುತ್ತಿದ್ದೆ. ಚೆನ್ನಾಗಿದ್ದೇನೆ ಎನ್ನುವುದಕ್ಕೆ ಇಲ್ಲಿ ಎಲ್ಲರೂ ಹಾಗೇ ಅನ್ನುವುದು, ಕಾಲು ಮುರಿದಿದ್ದರೂ ಗ್ರ್ಯಾಂಡ್. ಜೂನ್‌ನಲ್ಲಿ ನನ್ನನ್ನು ಬೆಳೆಸಿದ ಅಜ್ಜಿ ತೀರಿಕೊಂಡರು. ಫೋನಿನಲ್ಲಿ ಎಲ್ಲವನ್ನೂ ನೋಡಿದೆ, ಸಿಗ್ನಲ್ ಹೋಗಿ ಹೋಗಿ ಬರುತ್ತಿತ್ತು. ಮುಗಿದ ಮೇಲೆ ಡಬ್ಬಿಗೆ ಮೊಸರನ್ನ ತುಂಬಿಕೊಂಡು ಕೆಲಸಕ್ಕೆ ಹೋದೆ. ಅಳು ಬರಲಿಲ್ಲ. ಬರಬೇಕಿತ್ತಲ್ಲ ಎಂದು ಅನ್ನಿಸಿತು, ಅದೂ ದೂರದಲ್ಲಿ ಯಾರಿಗೋ ಅನ್ನಿಸಿದ ಹಾಗೆ.

ಗಿರೀಶ್ ಜೊತೆ ಫೋನಿನಲ್ಲಿ ಮಾತಾಡುವುದು ದಿನದ ಇನ್ನೊಂದು ಶಿಫ್ಟ್ ಆಗಿತ್ತು. "ಊಟ ಆಯ್ತಾ?" "ಆಯ್ತು. ನಿಮ್ದು?" "ಆಯ್ತು. ಅಲ್ಲಿ ಎಷ್ಟು ಕೇಸು?" ಅಲ್ಲಿಗೆ ಮಾತು ಮುಗಿಯುತ್ತಿತ್ತು. ಇಬ್ಬರದೂ ತಪ್ಪಿಲ್ಲ. ಗುರುತು ಪರಿಚಯ ಇಲ್ಲದವರು ದಿನಾ ಎಷ್ಟು ಮಾತಾಡಿಯಾರು? ಕೊನೆಗೆ ಅವರೇ ಒಂದು ಉಪಾಯ ಹೇಳಿದರು. ಕಾಲೇಜಿನಲ್ಲಿ ಆಡುತ್ತಿದ್ದ ಒಂದು ಆಟವಿದೆ, ಭಾನುವಾರ ಇಬ್ಬರೂ ಒಂದೇ ಪಕ್ಷವಾಗಿ, ಕಂಪ್ಯೂಟರನ್ನೇ ಶತ್ರು ಮಾಡಿಕೊಂಡು ಆಡೋಣ ಎಂದರು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಪ್ರತಿಯೊಬ್ಬರಿಗೂ ಒಂದು ಊರು, ನಾಲ್ಕು ಆಳುಗಳು, ಸುತ್ತ ಒಂದಿಷ್ಟು ಕುರಿ. ಆಳುಗಳಿಂದ ಮರ ಕಡಿಸಿ, ಹೊಲ ಮಾಡಿಸಿ, ಮನೆ ಕಟ್ಟಿಸಿ, ಸೈನ್ಯ ಬೆಳೆಸಿ ಶತ್ರುವಿನ ಊರನ್ನು ನೆಲಸಮ ಮಾಡಬೇಕು. ಚದುರಂಗದಂತೆ ಸರದಿಯಿಲ್ಲ. ನೀವು ಯೋಚಿಸುತ್ತಿರುವಾಗಲೇ ಶತ್ರು ಬಂದು ಬೆಂಕಿ ಇಡುತ್ತಾನೆ.

ನಾನು ಎಂದೂ ಒಳ್ಳೆಯ ಆಟಗಾತಿಯಾಗಲಿಲ್ಲ. ಯುದ್ಧ ನನಗೆ ಬೇಡವಾಗಿತ್ತು. ಹೊಲಗಳನ್ನು ಸಾಲಾಗಿ ಹಾಕುತ್ತಾ, ಆಳುಗಳು ಓಡಾಡುವುದನ್ನು ನೋಡುತ್ತಾ ಕೂತರೆ ಮನಸ್ಸಿಗೆ ಏನೂ ಅನ್ನಿಸುತ್ತಿರಲಿಲ್ಲ. ಆಗ ನನಗೆ ಬೇಕಿದ್ದುದೂ ಅದೇ. ಇನ್ನೊಂದು ತೊಡಕು, ನನಗೆ ಕುರಿ ಕಡಿಸಲು ಆಗುತ್ತಿರಲಿಲ್ಲ. ಶುರುವಿನಲ್ಲಿ ಊಟಕ್ಕೆ ಕುರಿಯೇ ಗತಿ, ಅದನ್ನು ಬಿಟ್ಟರೆ ಆಟ ಹಿಂದೆ ಬೀಳುತ್ತದೆ. ಗೊತ್ತಿದ್ದೂ ಬಿಡುತ್ತಿದ್ದೆ, ಕಾಡಿನ ಹಣ್ಣು ಕೀಳಿಸುತ್ತಿದ್ದೆ. "ಆಟದಲ್ಲೂ ಮಡಿ ಮಾಡ್ತೀರಲ್ರೀ!" ಎಂದು ಗಿರೀಶ್ ನಗುತ್ತಿದ್ದರು. ಅವರೂ ಹುಟ್ಟಾ ಸಸ್ಯಾಹಾರಿಯೇ. ಆದರೆ ತಮ್ಮ ಆಳುಗಳನ್ನು ಕಳಿಸಿ ನನ್ನ ಕುರಿಗಳನ್ನೂ ಕಡಿಸಿಬಿಡುತ್ತಿದ್ದರು. ಆಮೇಲೆ "ನೀವು ಹೊಲ ನೋಡ್ಕೊಳ್ಳಿ, ಯುದ್ಧ ನಾನ್ ನೋಡ್ಕೋತೀನಿ" ಎಂದು ಸೈನ್ಯ ಕಟ್ಟಿಕೊಂಡು ಹೊರಟುಬಿಡುತ್ತಿದ್ದರು. ಅವರು ಆ ಕಡೆ ಹೋದ ಐದೇ ನಿಮಿಷಕ್ಕೆ ಶತ್ರು ಈ ಕಡೆ ನನ್ನ ಊರಿಗೆ ನುಗ್ಗುತ್ತಿದ್ದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಪ್ರತಿ ಭಾನುವಾರ ನನ್ನ ಊರು ಸುಡುತ್ತಿತ್ತು, ಅವರು ಗೆದ್ದು ಬರುತ್ತಿದ್ದರು, ಪರದೆಯ ಮೇಲೆ ಇಬ್ಬರಿಗೂ ಜಯ ಎಂದು ಬರುತ್ತಿತ್ತು. ನಾನು ಒಂದು ದಿನವೂ ಕಾಪಾಡಿ ಎಂದು ಕೇಳಲಿಲ್ಲ. ಅವರಿಗೂ ತೋಚಲಿಲ್ಲ.

ಅಕ್ಟೋಬರ್ ಕೊನೆಗೆ ಐರ್ಲೆಂಡಿನಲ್ಲಿ ಮತ್ತೆ ಎಲ್ಲ ಬಂದ್ ಆಯಿತು. ಮನೆಯಿಂದ ಐದು ಕಿಲೋಮೀಟರ್ ದಾಟುವಂತಿಲ್ಲ. ಅದೇ ವಾರ ಅಮ್ಮ ಫೋನ್ ಮಾಡಿ, ಡಿಸೆಂಬರ್‌ನಲ್ಲಿ ಐವತ್ತು ಜನರನ್ನು ಕರೆದು ಮದುವೆ ಮುಗಿಸೋಣ ಎಂದು ಗಂಡಿನ ಕಡೆಯವರು ಹೇಳುತ್ತಿದ್ದಾರೆ, ಭಾನುವಾರದೊಳಗೆ ಹೇಳು ಎಂದರು. ಬೇಡ ಎಂದು ಹೇಳಲು ತೀರ್ಮಾನಿಸಿದೆ. ಸಿಟ್ಟು ಏನೂ ಇರಲಿಲ್ಲ. ಈ ಮನುಷ್ಯನ ಬಗ್ಗೆ ನನಗೆ ಒಳ್ಳೆಯದೂ ಅನ್ನಿಸುತ್ತಿಲ್ಲ, ಕೆಟ್ಟದ್ದೂ ಅನ್ನಿಸುತ್ತಿಲ್ಲ, ಹೀಗಿರುವಾಗ ತಾಳಿ ಕಟ್ಟಿಸಿಕೊಳ್ಳುವುದು ಅವರಿಗೆ ಮಾಡುವ ಮೋಸ ಎಂದುಕೊಂಡೆ. ಕೊನೆಯದಾಗಿ ಒಂದು ಆಟ ಆಡಿ, ಆಮೇಲೆ ಅವರಿಗೇ ಹೇಳುವುದು ಎಂದು ಗಟ್ಟಿ ಮಾಡಿಕೊಂಡೆ. ಹೇಳಬೇಕಾದ ವಾಕ್ಯವನ್ನೂ ಚೀಟಿಯಲ್ಲಿ ಬರೆದಿಟ್ಟೆ. ಮಾಮೂಲಿಯಾಗಿ ಆಡುವಾಗ ಫೋನನ್ನು ಸ್ಪೀಕರ್‌ನಲ್ಲಿಟ್ಟು ಮಾತಾಡುತ್ತಿದ್ದೆವು. ಅಂದು ಬೆಳಿಗ್ಗೆಯೇ 'ಇವತ್ತು ಮಾತು ಬೇಡ, ಆಟ ಅಷ್ಟೇ' ಎಂದು ಮೆಸೇಜ್ ಹಾಕಿದೆ. ಅವರಿಂದ ಹೆಬ್ಬೆರಳಿನ ಚಿತ್ರ ಬಂತು. ಫೋನನ್ನು ಸೈಲೆಂಟ್ ಮಾಡಿ ಹಾಸಿಗೆಯ ಮೇಲೆ ಎಸೆದು, ಸುತ್ತಾಡಲು ಹೋಗಿ ಬಂದೆ.

ಒಂದೂವರೆಗೆ ಲ್ಯಾಪ್‌ಟಾಪ್ ತೆರೆದೆ. ನಮ್ಮ ಹೊತ್ತು ಅದೇ: ಗಾಲ್ವೇಯಲ್ಲಿ ಒಂದೂವರೆ, ಮೈಸೂರಿನಲ್ಲಿ ಸಂಜೆ ಆರು. ಒಬ್ಬರು ಆಟ ತೆರೆದು ಕಾಯಬೇಕು, ಇನ್ನೊಬ್ಬರು ಬಂದು ಸೇರಬೇಕು. ಪ್ರತಿ ವಾರದಂತೆ ಗಿರೀಶ್ ಆಟ ತೆರೆದು ಕಾಯುತ್ತಿದ್ದರು. 'ಗಿರಿ ೫೭೦' ಎಂದು ಅವರ ಹೆಸರು ಕಾಣುತ್ತಿತ್ತು, ಮೈಸೂರಿನ ಪಿನ್ ಕೋಡಿನ ಮೊದಲ ಮೂರು ಅಂಕಿ. ಸೇರಿಕೊಂಡೆ.

ಆಟ ಶುರುವಾಗಿ ಎರಡು ನಿಮಿಷಕ್ಕೆ ಅವರ ಇಬ್ಬರು ಆಳುಗಳು ನನ್ನ ಊರಿಗೆ ಬಂದರು. ಕುರಿಗೆ ಬಂದರು ಎಂದುಕೊಂಡೆ. ಅವರು ಕುರಿಗಳನ್ನು ದಾಟಿಕೊಂಡು ಹೋಗಿ ಮರ ಕಡಿಯತೊಡಗಿದರು. ಕಡಿದ ಮರದಲ್ಲಿ ನನ್ನ ಹೊಲದ ಆಚೆಗೆ ಬೇಲಿ ಹಾಕಲು ಶುರು ಮಾಡಿದರು. ಬೇಲಿ ನನ್ನ ಹೊಲ, ಮನೆಗಳನ್ನೆಲ್ಲ ಸುತ್ತಿ ಬಂತು. ಒಂದು ಕುರಿ ದೂರದ ಹಳ್ಳದ ಹತ್ತಿರ ನಿಂತಿತ್ತು. ಬೇಲಿ ಅಲ್ಲಿಯವರೆಗೆ ಬಳಸಿಕೊಂಡು ಹೋಗಿ ಅದನ್ನೂ ಒಳಗೆ ಸೇರಿಸಿಕೊಂಡಿತು. ಆಟದ ಲೆಕ್ಕದಲ್ಲಿ ಇದು ಶುದ್ಧ ದಂಡ. ನಾನು ಕೈ ಬಿಟ್ಟು ನೋಡುತ್ತಾ ಕೂತೆ.

ಯುದ್ಧಕ್ಕೆ ಅವರು ಹೋಗಲೇ ಇಲ್ಲ. ಕಟ್ಟಿದ ಸೈನಿಕರನ್ನು ಹತ್ತು ಹತ್ತಾಗಿ ತಂದು ನನ್ನ ಬೇಲಿಯ ಹೊರಗೆ ನಿಲ್ಲಿಸಿದರು. ಶತ್ರು ಎರಡು ಸಲ ಬಂದ, ಎರಡು ಸಲವೂ ಸೈನಿಕರು ಅಲ್ಲೇ ನಿಂತು ಸತ್ತರು, ಮತ್ತೆ ಹತ್ತು ಜನ ಬಂದರು. ಮೂರನೆಯ ಸಲ ಶತ್ರು ಅವರ ಊರಿಗೇ ಹೋದ. ಅಲ್ಲಿ ಬೇಲಿಯೇ ಇರಲಿಲ್ಲ. ಊರು ಉರಿಯುತ್ತಿದ್ದರೂ ನನ್ನ ಬಾಗಿಲಲ್ಲಿ ನಿಂತವರನ್ನು ಅವರು ವಾಪಸ್ ಕರೆಸಿಕೊಳ್ಳಲಿಲ್ಲ. ಕೊನೆಗೆ ಅವರದೆಂದು ಉಳಿದದ್ದು ಆ ಹತ್ತು ಜನ, ಮತ್ತು ನನ್ನ ಬೇಲಿಯನ್ನು ರಿಪೇರಿ ಮಾಡುತ್ತಿದ್ದ ಒಬ್ಬ ಆಳು.

ಆಗ ನನಗೆ ಅಳು ಬಂತು. ಅಜ್ಜಿಗೆ ಬಾರದ ಅಳು, ಮಾರ್ಚಿನಿಂದ ಬಾರದ ಅಳು, ಮೂಗು ಸೋರುವ ಹಾಗೆ ಬಂತು. ಅಳುತ್ತಲೇ ಇದ್ದಬದ್ದ ದವಸ, ಮರವನ್ನೆಲ್ಲ ಸುರಿದು ಮೊಟ್ಟಮೊದಲ ಸಲ ನಾನೇ ಸೈನ್ಯ ಕಟ್ಟಿದೆ. ಬೇಲಿ ತೆರೆದುಕೊಂಡು ಹೊರಟೆ. ಆ ಹತ್ತು ಜನ ನನ್ನ ಜೊತೆ ಬಂದರು. ಗೆದ್ದೆವು. ಆಟ ಒಂದು ಗಂಟೆ ನಾಲ್ಕು ನಿಮಿಷ ನಡೆದಿತ್ತು. ಅವರು ಒಂದು ಅಕ್ಷರವನ್ನೂ ಟೈಪ್ ಮಾಡಲಿಲ್ಲ. ಜಯ ಎಂದು ಬಂದ ಕೂಡಲೇ ಅವರ ಹೆಸರು ಹೋಯಿತು.

ಮುಖ ತೊಳೆದುಕೊಂಡು, ಫೋನಿನಲ್ಲಿ ಬೇರೇನನ್ನೂ ನೋಡದೆ, ನೇರ ಅಮ್ಮನಿಗೆ ಫೋನ್ ಮಾಡಿದೆ. "ಡಿಸೆಂಬರ್‌ಗೇ ಇಟ್ಕೊಳ್ಳಿ ಅಮ್ಮ. ನಾನು ಬರ್ತೀನಿ." ಅಮ್ಮ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು, ಇನ್ನೇನು ಮನಸ್ಸು ಬದಲಾಯಿಸಿಬಿಡುತ್ತಾಳೋ ಎಂಬ ಭಯಕ್ಕೆ, ಆ ಕ್ಷಣವೇ ಬೀಗರ ಮನೆಗೆ ಹೇಳಿಬಿಟ್ಟರು.

ಮೂರೂವರೆಯ ಸುಮಾರಿಗೆ ಗಿರೀಶ್ ಫೋನ್ ಬಂತು. ದನಿಯಲ್ಲಿ ಸಂತೋಷವಿತ್ತು, ಜೊತೆಗೆ ಒಂದು ದೂರೂ ಇತ್ತು.

"ಒಪ್ಪಿಕೊಂಡ್ರಂತೆ! ಆದ್ರೆ ಇವತ್ತು ಆಟಕ್ಕೆ ಯಾಕ್ರೀ ಬರ್ಲಿಲ್ಲ? ಆರು ಗಂಟೆಗೆ ಕೂತು ಇಪ್ಪತ್ತು ನಿಮಿಷ ಕಾದೆ. ಎರಡು ಸಲ ಫೋನೂ ಮಾಡ್ದೆ."

ಆಗ ಗೊತ್ತಾಯಿತು. ಹಿಂದಿನ ರಾತ್ರಿ ಐರ್ಲೆಂಡಿನ ಗಡಿಯಾರವನ್ನು ಚಳಿಗಾಲಕ್ಕೆಂದು ಒಂದು ಗಂಟೆ ಹಿಂದೆ ಹಾಕಿದ್ದರು. ಇಲ್ಲಿಗೆ ಬಂದು ಐದು ವರ್ಷವಾದರೂ ಪ್ರತಿ ಸಲ ನಾನು ಇದರಲ್ಲಿ ಮುಗ್ಗರಿಸುತ್ತೇನೆ. ಫೋನು ತಾನಾಗಿ ತಿದ್ದಿಕೊಳ್ಳುತ್ತದೆ, ಊರಿನ ಲೆಕ್ಕ ಮಾತ್ರ ತಲೆಯಲ್ಲಿ ಹಳೆಯದೇ ಇರುತ್ತದೆ. ಅಂದಿನಿಂದ ಮೈಸೂರಿನ ಆರು ಗಂಟೆ ಎಂದರೆ ಗಾಲ್ವೇಯ ಹನ್ನೆರಡೂವರೆ. ನಾನು ಕೂತಾಗ ಅಲ್ಲಿ ಏಳು.

"ಏಳು ಗಂಟೆಗೆ ನೀವು ಎಲ್ಲಿದ್ರಿ?" ಎಂದೆ.

"ಚಿಕ್ಕಪ್ಪನ ಮನೇಲಿ. ಎಲ್ರೂ ಬಂದಿದೀವಿ, ಅಮ್ಮನಿಗೆ ಫೋನ್ ಬಂದಿದ್ದೂ ಇಲ್ಲೇ. ಯಾಕೆ?"

"ಲ್ಯಾಪ್‌ಟಾಪು?"

"ಬ್ಯಾಗಲ್ಲೇ ಇದೆ. ಕೀಬೋರ್ಡ್ ತೋರಿಸ್ಬೇಕಿತ್ತು, ತಂದಿದೀನಿ. ಬೆಳಿಗ್ಗೆ ಅಂಗಡಿಗೆ ಕೊಡ್ತೀನಿ. ಯಾಕ್ರೀ, ಏನಾಯ್ತು?"

"ಏನಿಲ್ಲ. ಟೈಮು ಬದಲಾಗಿದ್ದು ಮರೆತೆ."

ಅವರು ಜೋರಾಗಿ ನಕ್ಕರು. ಇದ್ದಕ್ಕಿದ್ದ ಹಾಗೆ ಒಪ್ಪಿಕೊಂಡದ್ದು ಯಾಕೆ ಎಂದು ಕೇಳಿದರು. ಸುಮ್ನೆ ಎಂದೆ. ಹಿಂದಿನಿಂದ ಅವರ ತಾಯಿ "ಚೆನ್ನಾಗಿ ಊಟ ಮಾಡು ಅನ್ನೋ ಅವಳಿಗೆ" ಎಂದು ಕೂಗಿದ್ದು ಕೇಳಿಸಿತು.

ಆಮೇಲೆ ನಾನು ಮಾಡಬೇಕಾದ ತನಿಖೆಯನ್ನೆಲ್ಲ ಮಾಡಿದೆ. ನನ್ನ ಆಟಗಳ ಪಟ್ಟಿಯಲ್ಲಿ ಆ ಆಟವಿತ್ತು, ನನ್ನ ಹೆಸರಿನ ಪಕ್ಕ ಗಿರಿ ೫೭೦ ಎಂದೇ ಇತ್ತು. ಅವರ ಪಟ್ಟಿಯನ್ನು ಏನೋ ನೆಪ ಹೇಳಿ ಫೋಟೋ ತೆಗೆಸಿ ಕಳಿಸಿಕೊಂಡೆ. ಅದರಲ್ಲಿ ಅಂದಿನ ತಾರೀಖೇ ಇರಲಿಲ್ಲ. ಯಾರೋ ಅವರ ಪಾಸ್‌ವರ್ಡ್ ಕದ್ದಿದ್ದರೆ? ಕದ್ದವನು ಬಂದು ಬೇಲಿ ಹಾಕುತ್ತಾನೆಯೇ, ಅದೂ ಆಟ ಅವರ ಪಟ್ಟಿಯಲ್ಲಿ ಮೂಡದ ಹಾಗೆ? ಕಂಪ್ಯೂಟರೇ ಅವರ ಬದಲಿಗೆ ಆಡಿತೇ? ಕಂಪ್ಯೂಟರಿಗೆ ಕುರಿ ಕಂಡರೆ ಬಿಡುವ ಬುದ್ಧಿ ಇಲ್ಲ. ಆ ಆಟವನ್ನು ಮತ್ತೆ ಓಡಿಸಿ ನೋಡುವ ಸೌಲಭ್ಯವಿತ್ತು, ಐದಾರು ಸಲ ನೋಡಿದೆ. ನಂತರ ಆಟದ ಹೊಸ ಆವೃತ್ತಿ ಬಂತು, ಹಳೆಯದ್ಯಾವುದೂ ತೆರೆಯದಂತಾಯಿತು. ಅಲ್ಲಿಗೆ ನನ್ನ ಕೈಯಲ್ಲಿದ್ದ ಸಾಕ್ಷಿಯೂ ಹೋಯಿತು.

ಮದುವೆಯನ್ನು ನಿಲ್ಲಿಸಬಹುದಿತ್ತು ಎಂದು ನೀವು ಹೇಳಬಹುದು. ಏನೆಂದು ಹೇಳಿ ನಿಲ್ಲಿಸಲಿ? ಎರಡು ವಿಮಾನ ಬದಲಿಸಿ, ಮೂಗಿಗೆ ಕಡ್ಡಿ ಹಾಕಿಸಿಕೊಂಡು ಡಿಸೆಂಬರ್‌ನಲ್ಲಿ ಹೋದೆ. ಮಾಸ್ಕ್ ಹಾಕಿಕೊಂಡೇ ಧಾರೆಗೆ ನಿಂತೆ. ಮರುವರ್ಷ ಗಿರೀಶ್ ಇಲ್ಲಿಗೆ ಬಂದರು. ಅವರ ಬಗ್ಗೆ ಅನ್ಯಾಯದ ಮಾತು ಆಡಬಾರದು. ಒಳ್ಳೆಯ ಮನುಷ್ಯ. ನನಗಿಂತ ಮುಂಚೆ ಎದ್ದು ಕಾಫಿ ಹಾಕುತ್ತಾರೆ, ನಮ್ಮ ತಾಯಿಗೆ ವಾರಕ್ಕೆರಡು ಸಲ ಫೋನ್ ಮಾಡುತ್ತಾರೆ. ನಾಲ್ಕು ಜನ ಸೇರಿದ ಕಡೆಯೆಲ್ಲ ಅವರು ಹೇಳುವ ಒಂದು ಕಥೆಯಿದೆ: "ನನ್ನ ಇಪ್ಪತ್ತು ನಿಮಿಷ ಕಾಯಿಸಿದ್ಳು ನೋಡಿ, ಆ ಪಾಪಪ್ರಜ್ಞೆಗೆ ಅವತ್ತೇ ಮದ್ವೆಗೆ ಒಪ್ಕೊಂಡ್ಳು." ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ.

ನಿಜ ಹೇಳಿದರೆ ಅವರು ನಂಬುವುದಿಲ್ಲ ಎನ್ನುವ ಭಯ ನನಗಿಲ್ಲ. ನಂಬಿಬಿಟ್ಟರೆ ಏನು ಗತಿ? ಹೆಂಡತಿ ತನ್ನನ್ನು ಒಪ್ಪಿದ್ದು ತಾನು ಮಾಡದ ಕೆಲಸಕ್ಕೆ ಎಂದು ತಿಳಿದ ಮೇಲೆ ಆ ಮನುಷ್ಯ ಬೆಳಿಗ್ಗೆ ಎದ್ದು ಯಾವ ಮುಖದಲ್ಲಿ ನನಗೆ ಕಾಫಿ ಕೊಟ್ಟಾರು? ಅದಕ್ಕೇ ಹೇಳಿಲ್ಲ, ಹೇಳುವುದೂ ಇಲ್ಲ. ಅಂದು ಒಂದೂವರೆಗೆ ನನಗಾಗಿ ಕಾದು ಕೂತಿದ್ದವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಹೂಂ ಎಂದದ್ದು ಮಾತ್ರ ಅವರಿಗೆ.